ಬಿಸಿನೀರಿನ ಊರುಗಳಿಂದ ಬಂದ ಮೇಲೆ

ತೊಣ್ಣೂರು
೧೦ ಡಿಸೆಂಬರ್ ೧೯೯೫

ಪ್ರೀತಿಯ ಪಾರ್ವತಕ್ಕನಿಗೆ ತಂಗಿ ಸುನಿತಾಳ ನಮಸ್ಕಾರ. ಭಾವನವರಿಗೂ ನಿಮ್ಮ ಅತ್ತೆ ಸೋಮಮ್ಮನವರಿಗೂ ನಮ್ಮಿಬ್ಬರ ನಮಸ್ಕಾರ ತಿಳಿಸು.

ನಾವು ಚೆನ್ನಾಗಿದ್ದೇವೆ. ನೀವೂ ಚೆನ್ನಾಗಿದ್ದೀರೆಂದು ನಂಬಿಕೊಂಡು ಕಾಗದ ಶುರು ಮಾಡಿದ್ದೇನೆ. ಬೇಸಿಗೆಯಿಂದ ಈಚೆಗೆ ನಿನಗೆ ಒಂದು ಸಾಲೂ ಬರೆಯಲಿಲ್ಲ. ನೀನು ಬರೆದ ಕಾಗದಗಳು ನಾಗಮಂಗಲದ ನಮ್ಮ ಮನೆಯ ಬಾಗಿಲ ಸಂದಿಯಲ್ಲಿ ಬಿದ್ದಿದ್ದವಂತೆ. ಪಕ್ಕದ ಮನೆಯ ಶಾಹಜಹಾನ್ ಬೇಗಂ ಎತ್ತಿಟ್ಟಿದ್ದು, ಮೊನ್ನೆ ಎಲ್ಲವನ್ನೂ ಒಟ್ಟಿಗೆ ಕಳಿಸಿಕೊಟ್ಟರು. ಕೈ ನೋಯುತ್ತಿತ್ತು, ಅದಕ್ಕೇ ಬರೆಯಲಿಲ್ಲ ಎಂದು ಹೇಳಬಹುದು. ನೋವಿದ್ದದ್ದು ನಿಜವೇ. ಆದರೆ ಅದೊಂದೇ ಕಾರಣವಲ್ಲ, ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ.

ಮೇಲೆ ತೊಣ್ಣೂರು ಎಂದು ಬರೆದಿರುವುದನ್ನು ನೋಡಿ ನಿನಗೆ ಆಶ್ಚರ್ಯವಾಗಬಹುದು. ಪಾಂಡವಪುರ, ಶ್ರೀರಂಗಪಟ್ಟಣ, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿದರೆ ನಿಮ್ಮ ಅರಕೆರೆ. ಇಷ್ಟು ಹತ್ತಿರ ಬಂದು ತಿಂಗಳಾಗುತ್ತಾ ಬಂತು. ನಿನ್ನ ಮನೆಗೆ ಬರಲು ಕಾಲು ಏಳಲಿಲ್ಲ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಯಾಕೆಂದರೆ ಅಲ್ಲಿಂದ ಬರೆಯದಿದ್ದರೆ ಮುಂದಿನದು ಹೇಳಲು ಬರುವುದಿಲ್ಲ. ಎರಡು ಹೆಣ್ಣಾದ ಮೇಲೆ ಮೂರನೆಯದು ಏನೇ ಆಗಲಿ ನಿನಗೇ ಎಂದವಳು ನೀನು. ಗಂಡಾದರೂ ಮಾತು ಉಳಿಸಿಕೊಂಡು, ಹೋದ ವರ್ಷ ಶ್ರಾವಣದಲ್ಲಿ ಮಗುವನ್ನು ತಂದು ನನ್ನ ಮಡಿಲಿಗೆ ಹಾಕಿದವಳೂ ನೀನೇ. ಸಂಕ್ರಾಂತಿ ಕಳೆದ ಮೇಲೆ ನೀನೇ ವಾಪಸ್ಸು ಕರೆದುಕೊಂಡು ಹೋದೆ. ಗಂಡುಮಗುವನ್ನು ಕೊಟ್ಟುಬಿಟ್ಟ ಸೊಸೆ ಎಂದು ನಿಮ್ಮ ಅತ್ತೆ ಅಂದದ್ದು, ನಿನಗೆ ನಿದ್ದೆ ಬಾರದೆ ಹೋದದ್ದು, ಎಲ್ಲ ನಿನ್ನ ಕಾಗದದಲ್ಲಿದೆ. ಹೆತ್ತವಳು ನೀನು. ಅದರಲ್ಲಿ ನಾನು ನ್ಯಾಯ ಕೇಳುವುದಿಲ್ಲ.

ಅವನು ಹೋದ ಮೇಲೆ ನನ್ನ ಎರಡು ತೋಳೂ ಮೇಲೇಳದಂತಾದವು. ತಲೆ ಬಾಚಿಕೊಳ್ಳಲು ಆಗುತ್ತಿರಲಿಲ್ಲ, ಕೊಡ ಎತ್ತಲು ಆಗುತ್ತಿರಲಿಲ್ಲ. ಮೈಸೂರಿನ ಡಾಕ್ಟರು ಎಕ್ಸ್‌ರೇ ತೆಗೆಸಿ, ಮೂಳೆ ಗಟ್ಟಿಯಾಗಿದೆ, ಏನೂ ಇಲ್ಲ ಎಂದರು. ಇವರು ಪಂಪ್‌ಸೆಟ್ ರಿಪೇರಿ ಅಂಗಡಿಗೆ ಹೋಗುವ ಮುಂಚೆ ನನ್ನ ಜಡೆ ಹೆಣೆದು ಹೋಗುತ್ತಿದ್ದರು. ವಕ್ರ ವಕ್ರವಾಗಿ ಹೆಣೆಯುತ್ತಿದ್ದರು. ನಾನು ನಗುತ್ತಿರಲಿಲ್ಲ, ಅವರೂ ನಗುತ್ತಿರಲಿಲ್ಲ.

ಒಂದು ದಿನ ಬೇಗಂ ಬಂದು ಇವರಿಗೆ ಹೇಳಿದರು: “ಚಲುವರಾಜಣ್ಣ, ಬಾಂಬೆ ಅತ್ರ ಗರಮ್ ಪಾನಿ ಕುಂಡ ಅವೆ. ನೆಲದಿಂದಾನೇ ಬಿಸಿನೀರು ಬರ್ತದೆ. ನಮ್ಮ ಯಜಮಾನ್ರುದು ಸೊಂಟನೋವು ಅಲ್ಲೇ ಓಯ್ತು. ನಮ್ ಗಾಡೀಲೇ ಕರ್ಕೊಂಡೋಗಿ, ಪಾಪ.” ಅವರ ಯಜಮಾನರು ಅಬ್ದುಲ್ ವಾಹಿದ್ ಮದ್ದೂರಿನಿಂದ ಬೊಂಬಾಯಿಗೆ ಎಳನೀರು ಲೋಡು ಹೊಡೆಯುವವರು. ಮೇ ತಿಂಗಳಲ್ಲಿ ಅವರ ಲಾರಿಯಲ್ಲೇ ಹೊರಟೆವು. ಇವರು ಅಂಗಡಿಯನ್ನು ಜೊತೆಯವನಿಗೆ ವಹಿಸಿದರು.

ವಜ್ರೇಶ್ವರಿಯ ಹತ್ತಿರ ಹೊಳೆಯ ಪಕ್ಕದಲ್ಲಿ ಕುಂಡಗಳಿವೆ ಅಕ್ಕ. ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ. ಬೇಯಿಸಿದ ಮೊಟ್ಟೆಯ ವಾಸನೆ. ಮೊದಲ ದಿನ ಕಾಲಿಟ್ಟು ಹಿಂದಕ್ಕೆ ಎಳೆದುಕೊಂಡೆ. ಗೊತ್ತಿಲ್ಲದ ಒಬ್ಬ ಮುದುಕಿ ನನ್ನ ರಟ್ಟೆ ಹಿಡಿದು ನಿಧಾನವಾಗಿ ಕೂರಿಸಿದಳು. ಕತ್ತಿನವರೆಗೆ ಬಿಸಿನೀರು, ಸುತ್ತ ಅರ್ಥವಾಗದ ಮಾತು. ಅಷ್ಟು ಜನರ ನಡುವೆ ನನ್ನನ್ನು ಯಾರೂ ಏನೂ ಕೇಳದಿದ್ದದ್ದು ನನಗೆ ಹಿತವಾಯಿತು.

ನಾವು ಕೋಣೆ ಹಿಡಿದದ್ದು ಗಂಡ ಸತ್ತ ಒಬ್ಬ ರೈತಹೆಂಗಸಿನ ಮನೆಯಲ್ಲಿ. ಎಲ್ಲರೂ ಆಕೆಯನ್ನು ಮಾವಶಿ ಎನ್ನುತ್ತಿದ್ದರು, ಚಿಕ್ಕಮ್ಮ ಎಂದು ಅರ್ಥವಂತೆ. ನಾನು ನೀರಿನಲ್ಲಿ ಕೂತಿರುವಷ್ಟು ಹೊತ್ತು ಇವರಿಗೆ ಕೆಲಸವಿಲ್ಲ. ಸುಮ್ಮನೆ ಕೂರುವ ಜೀವವಲ್ಲ ಅದು, ನಿನಗೆ ಗೊತ್ತು. ಮಾವಶಿಯ ಗದ್ದೆಯ ಬದು ಒಡೆದದ್ದನ್ನು ನೋಡಿ ಗುದ್ದಲಿ ಹಿಡಿದರು. ಆಮೇಲೆ ಅವಳ ಕೆಟ್ಟ ಪಂಪು ಬಿಚ್ಚಿದರು. ಕೂಲಿ ಕೊಡಲು ಬಂದರೆ ಕೈ ಮುಗಿದರು. “ನಾಕ್ ದಿನ ಊಟ ಆಕುದ್ರೆ ಸಾಕು ಕಣಮ್ಮಿ. ಇವ್ರೂ ಕಷ್ಟದಾಗವ್ರೆ,” ಎಂದರು ನನಗೆ. ಅಲ್ಲಿಂದ ಮುಂದೆ ಅದೇ ನಮ್ಮ ರೂಢಿಯಾಯಿತು. ಎಲ್ಲಿ ಬಿಸಿನೀರಿದೆಯೋ ಅಲ್ಲಿಗೆ ಹೋಗುವುದು, ಅಲ್ಲಿ ಯಾರ ಹೊಲಕ್ಕೆ ಆಳು ಬೇಕೋ ಅವರ ಮನೆಯಲ್ಲಿ ಇದ್ದು ದುಡಿಯುವುದು, ಕೆಲಸ ಮುಗಿದರೆ ಹೊರಡುವುದು. ಶ್ರಮದಾನ ಎಂದು ನಾವು ಹೆಸರಿಟ್ಟುಕೊಂಡೆವು. ಮನೆಗೆ ಹೋಗದಿರಲು ಒಂದು ದಾರಿ ಎಂಬುದು ಇಬ್ಬರಿಗೂ ಗೊತ್ತಿತ್ತು.

ಮಳೆ ಹಿಡಿದ ಮೇಲೆ ಅಲ್ಲಿ ನಾಟಿ ಶುರುವಾಯಿತು. ನಾನೂ ಇಳಿದೆ. ಕೈಯನ್ನು ಮೇಲಕ್ಕೆ ಎತ್ತಲಾರದಿದ್ದರೂ ಕೆಳಗೆ ಊರಲು ಬರುತ್ತಿತ್ತು. ಕೆ.ಆರ್.ಪೇಟೆಯ ಅಪ್ಪನ ಗದ್ದೆ ನೆನಪಾಯಿತು. ನನ್ನ ಸಾಲು ಹಾವು ಹೋದಂಗೆ ಹೋಗುತ್ತದೆ ಎಂದು ನೀನು ಆಡಿಕೊಳ್ಳುತ್ತಿದ್ದೆ. ಈಗಲೂ ಹಾಗೇ ಹೋಗುತ್ತದೆ ಅಕ್ಕ.

ಒಂದು ಮಧ್ಯಾಹ್ನ ಮಾವಶಿ ಪಕ್ಕದಲ್ಲಿ ಪೈರು ಊರುತ್ತಾ ಅರ್ಧ ಹಿಂದಿ, ಅರ್ಧ ಕೈಸನ್ನೆಯಲ್ಲಿ ಕೇಳಿದಳು. ಹುಡುಗ ಅಮ್ಮನನ್ನು ನೆನೆದು ಅಳುವುದಿಲ್ಲವೇ ಎಂದು. ಯಾವ ಹುಡುಗ ಎಂದೆ. ನಿಮ್ಮ ದಿಲೀಪ, ದೊಡ್ಡಮ್ಮನ ಮನೆಯಲ್ಲಿ ಬಿಟ್ಟು ಬಂದಿದ್ದೀರಂತಲ್ಲ ಎಂದಳು. ಕೈಯಲ್ಲಿದ್ದ ಪೈರನ್ನು ಊರಿ ಮುಗಿಸಿದೆ. ಆಮೇಲೆ, ಅಳುವುದಿಲ್ಲ, ಅವನಿಗೆ ಅಲ್ಲಿ ಅಭ್ಯಾಸವಾಗಿದೆ ಎಂದೆ.

ಸಾಯಂಕಾಲ ಇವರನ್ನು ಕೇಳಿದೆ, “ಯಾಕ್ರೀ ಅಂಗಂದ್ರಿ?”

ಇವರು ಕೈಕಾಲು ತೊಳೆಯುತ್ತಿದ್ದರು. “ಮಕ್ಳಿಲ್ಲ ಅಂದ್ರೆ ಔಸ್ದಿ ಏಳ್ತಾರೆ, ಅರಕೆ ಏಳ್ತಾರೆ. ಒಬ್ಬ ಅವ್ನೆ ಅಂದ್ಬುಟ್ರೆ ಅಲ್ಗೇ ಮುಗೀತದೆ.” ಕೈ ಒರೆಸಿಕೊಳ್ಳುತ್ತಾ ಅಂದರು, “ಸುಳ್ಳೇನಲ್ವಲ್ಲ. ಅವ್ನೆ ತಾನೆ.”

ನಾವು ಹೊರಡುವಾಗ ಮಾವಶಿ ತನ್ನ ಹಳೆಯ ಸೀರೆಗಳನ್ನು ಮಡಿಸಿ ಹೊಲಿದ ಒಂದು ಪುಟ್ಟ ಹೊದಿಕೆ ತಂದು ಕೊಟ್ಟಳು, ಮಗನಿಗೆ ಎಂದು. ಅದನ್ನು ಇವರು ಚೀಲದ ತಳದಲ್ಲಿ, ತಮ್ಮ ಬಟ್ಟೆಗಳ ನಡುವೆ ಇಟ್ಟುಕೊಂಡರು.

ಅಲ್ಲಿಂದ ಕೊಂಕಣದ ಕಡೆ ಇಳಿದೆವು. ಅಲ್ಲಿಯೂ ರಸ್ತೆಯ ಪಕ್ಕದಲ್ಲೇ ಬಿಸಿನೀರು ಉಕ್ಕುವ ಜಾಗಗಳಿವೆ. ಗುಡ್ಡದ ಓರೆಯಲ್ಲಿ ರಾಗಿ ಬೆಳೆಯುತ್ತಾರೆ ಎಂದರೆ ನಂಬುತ್ತೀಯಾ? ರೊಟ್ಟಿ ಮಾಡುತ್ತಾರೆ, ಮುದ್ದೆ ಗೊತ್ತಿಲ್ಲ. ನಾನು ಮುದ್ದೆ ತಿರುವಿ ಬಡಿಸಿದ್ದಕ್ಕೆ ಮನೆಯವರೆಲ್ಲ ಅಗಿದು ಅಗಿದು ಸುಸ್ತಾದರು. ನುಂಗಬೇಕು ಎಂದು ತೋರಿಸಿಕೊಟ್ಟೆವು. ಆ ಮನೆಯಲ್ಲಿ ಅವನ ಮಾತು ತೆಗೆದವಳು ನಾನೇ. ಈಗ ನಡೆಯುತ್ತಾನೆ, ಬೆಲ್ಲ ಕಂಡರೆ ಬಿಡುವುದಿಲ್ಲ, ಅಪ್ಪನ ಹಾಗೆ ಕಿವಿ ಎಂದೆಲ್ಲ ಹೇಳಿದೆ. ಇವರು ತಲೆ ಬಗ್ಗಿಸಿ ಕೇಳುತ್ತಿದ್ದರು. ಬೇರೆಯವರ ಮುಂದೆ ನಾವಿಬ್ಬರೂ ಅವನ ವಿಷಯ ಎಷ್ಟಾದರೂ ಆಡುತ್ತಿದ್ದೆವು. ನಾವಿಬ್ಬರೇ ಆದಾಗ ಅವನ ಹೆಸರೇ ಇಲ್ಲ. ಒಂದೇ ಚಾಪೆಯ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಮಲಗಿರುತ್ತಿದ್ದೆವು. ಅಷ್ಟು ಒಂಟಿತನವನ್ನು ನಾನು ಖಾಲಿ ಮನೆಯಲ್ಲೂ ಕಂಡಿರಲಿಲ್ಲ.

ಅಲ್ಲಿರುವಾಗಲೇ ಒಂದು ಬೆಳಿಗ್ಗೆ ನನ್ನ ಜಡೆಯನ್ನು ನಾನೇ ಹೆಣೆದುಕೊಂಡೆ. ಹೆಣೆದು ಮುಗಿದ ಮೇಲೆ ಗೊತ್ತಾಯಿತು. ಖುಷಿಯಾಗಬೇಕಾಗಿತ್ತು. ಹೆದರಿಕೆಯಾಯಿತು. ಅವನನ್ನು ಎತ್ತಿ ಆಡಿಸಿದ ಕೈ ನೋಯುತ್ತಿರುವಷ್ಟು ದಿನ ಅವನದು ಏನೋ ನನ್ನ ಹತ್ತಿರ ಇದೆ ಅಂದುಕೊಂಡಿದ್ದೆ. ಅದೂ ಹೋಗುತ್ತಿದೆಯಲ್ಲ ಅನ್ನಿಸಿತು. ಇದನ್ನು ಇವರಿಗೆ ಹೇಳಲಿಲ್ಲ. ನಿನಗೆ ಮೊದಲು ಹೇಳುತ್ತಿದ್ದೇನೆ.

ಕೊನೆಗೆ ಪುತ್ತೂರಿನ ಕಡೆಯ ಬೇಂದ್ರು ತೀರ್ಥಕ್ಕೆ ಬಂದೆವು. ನೀರು ಬೆಚ್ಚಗಿದೆ ಅಷ್ಟೆ. ಇವರು ಕೈ ಅದ್ದಿ, “ಎಣ್ಣೆ ನೀರ್ಗೆ ನಮ್ಮವ್ವ ಇದ್ಕಿಂತ ಬಿಸಿ ಕಾಯಿಸ್ತಿದ್ಲು,” ಎಂದರು. ಬಹಳ ದಿನಗಳ ಮೇಲೆ ನಕ್ಕೆವು. ಅಲ್ಲಿ ಗೇರುತೋಟದವರ ಮನೆಯಲ್ಲಿ ಗದ್ದೆ ಕೊಯ್ಲಿಗೆ ನಿಂತೆವು. ಅಲ್ಲಿ ಕೆಲಸಕ್ಕೆ ಬರುತ್ತಿದ್ದ ಹೆಂಗಸಿನ ಎಳೆಮಗು ಗೋಣಿಚೀಲದ ಮೇಲೆ ಮಲಗಿತ್ತು. ನಾನು ನಮ್ಮ ಚೀಲ ಬಿಚ್ಚಿ ಮಾವಶಿಯ ಹೊದಿಕೆಯನ್ನು ಅದಕ್ಕೆ ಹೊದಿಸಿ, ಇಟ್ಟುಕೋ ಎಂದೆ. ಇವರು ನೋಡಿದರು. ಆ ದಿನ ಊಟಕ್ಕೆ ಏಳಲಿಲ್ಲ.

ತೊಣ್ಣೂರಿಗೆ ಬಂದದ್ದು ಕೆಂಪಣ್ಣನವರಿಗಾಗಿ. ಹೆಂಡತಿ ತೀರಿಕೊಂಡ ಒಂಟಿ ಮನುಷ್ಯ. ಅವರ ಪಂಪನ್ನು ಇವರು ವರ್ಷಗಳಿಂದ ರಿಪೇರಿ ಮಾಡುತ್ತಿದ್ದರು. ಕುಯ್ಲಿಗೆ ಆಳು ಸಿಗುತ್ತಿಲ್ಲ ಎಂದು ತಿಳಿದು ಮನೆಗೆ ಹೋಗುವ ಬದಲು ಇಲ್ಲಿ ಇಳಿದೆವು. ಕೆರೆಯ ಕೆಳಗೆ ಅವರ ಗದ್ದೆ. ನೀರು ತಿಳಿಯಾಗಿದೆ, ತಣ್ಣಗಿದೆ. ಬಿಸಿನೀರಿನ ಊರುಗಳು ಮುಗಿದವು.

ಬಂದ ಒಂದೆರಡು ದಿನಕ್ಕೆ, ಮೂವರೂ ಗದ್ದೆ ಬದಿಯಲ್ಲಿ ಊಟಕ್ಕೆ ಕೂತಾಗ ಕೆಂಪಣ್ಣ ಕೇಳಿದರು, “ಮಕ್ಳೆಷ್ಟವ್ವ ನಿಮ್ಗೆ?”

ಇವರು ಬಾಯಿ ತೆರೆಯುವ ಮುಂಚೆ ನಾನು ಹೇಳಿದೆ, “ಇಲ್ಲ ಕಣಣ್ಣ.”

ಕೆಂಪಣ್ಣ ನನ್ನ ತಟ್ಟೆಗೆ ಇನ್ನಷ್ಟು ಸಾರು ಬಿಟ್ಟರು. ಇವರು ಎದ್ದುಹೋಗಿ ಕುಡುಗೋಲು ಹಿಡಿದರು. ಅಂದಿನಿಂದ ನನ್ನ ಹತ್ತಿರ ಎಷ್ಟು ಬೇಕೋ ಅಷ್ಟೇ ಮಾತು. ನಾನು ಅವನನ್ನು ನನ್ನ ಬಾಯಿಂದಲೇ ಇಲ್ಲವಾಗಿಸಿಬಿಟ್ಟೆ ಎಂಬ ಹಾಗೆ ನೋಡುತ್ತಿದ್ದರು. ಆದರೆ ಅಕ್ಕ, ನಿನ್ನ ಊರಿನ ಇಷ್ಟು ಹತ್ತಿರ ಕೂತು ಆ ಮಾತನ್ನು ಮತ್ತೆ ಆಡಲು ನನ್ನಿಂದ ಆಗಲಿಲ್ಲ. ನಿನ್ನ ಮಗುವನ್ನು ನನ್ನದೆಂದು ಹೇಳುತ್ತಾ ಎಷ್ಟು ಊರು ತಿರುಗುವುದು?

ಹೋದ ವಾರ ಪಂಪಿಗೆ ವಾಷರು ತರುತ್ತೇನೆಂದು ಇವರು ಪಾಂಡವಪುರಕ್ಕೆ ಹೋದರು. ಬೆಳಿಗ್ಗೆ ಹೋದವರು ದೀಪ ಹಚ್ಚುವ ಹೊತ್ತಿಗೆ ಬಂದರು. ವಾಷರು ತಂದಿರಲಿಲ್ಲ. ಒಲೆಯ ಮುಂದೆ ಕೂತು ನನ್ನ ಮುಖ ನೋಡದೆ ಅಂದರು, “ಅರಕೆರೆಗೆ ಓಗಿದ್ದೆ.”

ನಾನು ಒಲೆಯ ಸೌದೆಯನ್ನು ಸ್ವಲ್ಪ ಹಿಂದಕ್ಕೆ ಎಳೆದೆ.

“ಒಳೀಕ್ ಓಗ್ನಿಲ್ಲ. ಎದ್ರುಗಡೆ ಟೀ ಅಂಗ್ಡಿ ತಾವ್ ನಿಂತಿದ್ದೆ. ನಿಮ್ಮಕ್ಕ ಕಾಣ್ನಿಲ್ಲ. ದೊಡ್ ಮಗ್ಳು ಆ ಕಡೆ ತಿರಿಕ್ಕಂಡು ಪಾತ್ರೆ ಬೆಳಗ್ತಿದ್ಲು. ನಡೀತಾನೆ ಕಣಮ್ಮಿ. ಚೆಂದಾಗಿ ನಡೀತಾನೆ.”

“ನಿಮ್ಮುನ್ನ ಕಂಡ್ನಾ?”

“ಕಂಡ. ಕೈಲಿ ಕಡ್ಲೆಪುರಿ ಇತ್ತು. ನನ್ನೇ ನೋಡ್ಕಂಡು ಸೀದಾ ಬಂದು, ತಗೋ ಅಂತ ಕೈ ನೀಡ್ದ.”

“ಗುರುತು ಸಿಕ್ತಾ ಅವ್ನಿಗೆ?”

“ಇಲ್ಲ. ಯಾರಿದ್ರೂ ಕೊಡ್ತಿದ್ದ.” ಒಲೆಯ ಮುಂದಿನ ಬೂದಿಯನ್ನು ಕಡ್ಡಿಯಿಂದ ಕೆದಕಿದರು. “ಈಸ್ಕಂಡು ತಿಂದೆ. ನಕ್ಕಂಡು ವಾಪಸ್ ಓದ.”

“ಎತ್ಕಳ್ನಿಲ್ವಾ?”

“ಎತ್ಕಂಡಿದ್ರೆ ಕೆಳೀಕ್ ಬುಡಾಕ್ ಆಯ್ತಿರ್ನಿಲ್ಲ.”

ಅಷ್ಟು ಹೇಳಿ ಮೊಣಕಾಲಿಗೆ ಮುಖ ಕೊಟ್ಟು ಅತ್ತರು ಅಕ್ಕ. ಮಗು ಹೋದಾಗ ನನ್ನ ಕೈಯನ್ನು ಎಲ್ಲರೂ ನೋಡಿದರು, ಡಾಕ್ಟರೂ ನೋಡಿದರು. ಇವರನ್ನು ಯಾರೂ ನೋಡಲಿಲ್ಲ, ನಾನೂ ನೋಡಲಿಲ್ಲ. ಹತ್ತಿರ ಹೋಗಿ ಅವರ ತಲೆಯನ್ನು ತಬ್ಬಿಕೊಂಡು ಕೂತೆ. ಸಾರು ಸೀದುಹೋಯಿತು. ಕೆಂಪಣ್ಣ ಬಂದು ಬಾಗಿಲಲ್ಲಿ ನೋಡಿ, ಹಸುವಿಗೆ ಹುಲ್ಲು ಹಾಕುವವರಂತೆ ಹಿಂದಕ್ಕೆ ಹೋದರು.

ಈ ಕುಯ್ಲು ಮುಗಿದ ಮೇಲೆ ನಾಗಮಂಗಲಕ್ಕೆ ಹೋಗುತ್ತೇವೆ. ಇವರು ಅಂಗಡಿಯಲ್ಲಿ ಮತ್ತೆ ಕೂರುತ್ತಾರೆ. ನನ್ನ ಕೈ ಚೆನ್ನಾಗಿದೆ. ನಿನ್ನ ಮನೆಗೂ ಬರುತ್ತೇವೆ, ಆದರೆ ಈಗಲೇ ಅಲ್ಲ. ಬಂದಾಗ ಅವನಿಗೆ ನನ್ನನ್ನು ಚಿಕ್ಕವ್ವ ಎಂದು ತೋರಿಸು, ಸಾಕು. ಉಳಿದದ್ದನ್ನು ಅವನು ದೊಡ್ಡವನಾದ ಮೇಲೂ ಹೇಳುವುದು ಬೇಡ. ಎರಡು ತಾಯಿ ಎಂದು ಊರಿನವರು ಅವನನ್ನು ಆಡಿಕೊಳ್ಳಬಾರದು.

ಹುಡುಗಿಯರಿಬ್ಬರಿಗೂ ನಮ್ಮ ಆಶೀರ್ವಾದ. ಚೆನ್ನಾಗಿ ಓದಿಸು. ದಿಲೀಪನಿಗೆ ನೂರು ವರ್ಷ ಆಯಸ್ಸಿರಲಿ, ಕೇಳಿದವರಿಗೆ ಇಲ್ಲ ಎನ್ನದ ಆ ಕೈ ಯಾವಾಗಲೂ ತುಂಬಿರಲಿ. ನಿನಗೂ ನೆಮ್ಮದಿಯ ನಿದ್ದೆ ಬರಲಿ.

ನಿನ್ನ ತಂಗಿ,
ಸುನಿತಾ

ತಾ.ಕ.: ಇದನ್ನು ಬರೆಯಬಾರದೆಂದು ಕಾಗದ ಅಂಟಿಸಿದ್ದೆ. ಮತ್ತೆ ಬಿಚ್ಚಿದೆ. ನೀನು ಅವನನ್ನು ಕರೆದುಕೊಂಡು ಹೋದ ದಿನ ನಾನು ಅವನಿಗೆ ಡಬ್ಬಿ ಹಾಲು ತರಲು ಪೇಟೆಗೆ ಹೋಗಿದ್ದೆ, ಮಗುವನ್ನು ಬೇಗಂ ನೋಡಿಕೊಳ್ಳುತ್ತಿದ್ದರು. “ತಂಗಿಗೆ ಗೊತ್ತೇನಮ್ಮ?” ಎಂದು ಅವರು ನಿನ್ನನ್ನು ಕೇಳಿದರಂತೆ. “ಗೊತ್ತು, ಅವ್ಳೇ ಕರ್ಕೊಂಡೋಗು ಅಂದ್ಳು,” ಎಂದೆಯಂತೆ. ನಾವು ಊರು ಬಿಡುವವರೆಗೂ ಬೇಗಂ ನನ್ನ ಮುಖ ನೋಡಿದರೆ ಕಣ್ಣೀರು ಹಾಕುತ್ತಿದ್ದರು. ನೀನು ಕರೆದುಕೊಂಡು ಹೋದದ್ದಕ್ಕೆ ನನಗೆ ಸಿಟ್ಟಿಲ್ಲ. ನಾನು ಬರುವವರೆಗೆ ಕಾಯಬಹುದಾಗಿತ್ತು ಅಕ್ಕ. ಕೇಳಿದ್ದರೆ ಅತ್ತುಕೊಂಡಾದರೂ ಕೊಡುತ್ತಿದ್ದೆ. ನೀರು ಹಾಕಿ, ಹಾಲು ಕುಡಿಸಿ, ನಿನ್ನ ಕೈಗೆ ನಾನೇ ಕೊಡುತ್ತಿದ್ದೆ.