ಕೆಟ್ಟ ರಕ್ತವಲ್ಲವಂತೆ

ಬೀದರ, ಶುಕ್ರವಾರ

ಅಪ್ಪಾ,

ಇಂದು ನಾನು ಇನ್ನೂರು ಹುಡುಗಿಯರ ಮುಂದೆ ಮಾತಾಡಿದೆ! ಕಾಲೇಜಿಗೆ ಬಂದಿದ್ದ ಡಾಕ್ಟರಮ್ಮ, "ಮುಟ್ಟಿನ ರಕ್ತ ಎಲ್ಲಿಂದ ಬರ್ತದ, ಹೇಳ್ರಿ" ಎಂದರು. ಎಲ್ಲರೂ ತಲೆ ತಗ್ಗಿಸಿದರು. ನಾನೇ ಎದ್ದು, "ಮೈಯಾಗಿನ ಕೆಟ್ಟ ರಕ್ತರಿ" ಎಂದೆ.

"ಕೆಟ್ಟದ್ದಲ್ಲವ್ವ. ಕೂಸಿಗಂತ ಗರ್ಭಕೋಶದಾಗ ಹಾಸಿದ ಹಾಸಿಗಿ ಅದು, ಕೂಸು ನಿಲ್ಲದಿದ್ರ ಕಳಚಿ ಬರ್ತದ" ಎಂದರು.

ನನ್ನ ಕಣ್ಣು ತುಂಬಿತು. "ಮತ್ತ ಮುಟ್ಟಾದಾಗ ನಮ್ಮ ತಂಗಿನ್ನ ಕುರಿ ದೊಡ್ಡ್ಯಾಗ ಯಾಕ ಕೂಡಸ್ತಾರ್ರಿ?" ಎಂದು ಕೇಳಿಯೇಬಿಟ್ಟೆ. ಆಮೇಲೆ ಹುಡುಗಿಯರ ಪ್ರಶ್ನೆಗಳು ನಿಲ್ಲಲೇ ಇಲ್ಲ!

ಸೋಮವಾರ ಡಾಕ್ಟರಮ್ಮನ ಜೊತೆ ಹೋಗಿ ಭಾಲ್ಕಿಯ ಶಾಲೆಯೊಂದರಲ್ಲಿ ಇದನ್ನೆಲ್ಲ ನಾನೇ ಹೇಳಬೇಕಂತೆ! ನಾಚಿಕೊಳ್ಳದೆ ಈ ಪತ್ರವನ್ನು ಅವ್ವನಿಗೆ ಪೂರ್ತಿ ಓದಿ ಹೇಳು. ಮುಟ್ಟಿನ ಬಟ್ಟೆಯನ್ನು ಬಿಸಿಲಿಗೇ ಒಣಹಾಕಲಿ. ಸೋಮವಾರ ನನ್ನ ಮಾತು ಕೇಳಲು ತಂಗಿ ಸೋನಾಲಿಯನ್ನು ಸಾಯಗಾಂವದಲ್ಲಿ ಭಾಲ್ಕಿಯ ಬಸ್ಸು ಹತ್ತಿಸು. ಅಂದು ಅವಳು ಹೊರಗಾಗಿದ್ದರೂ ಕಳಿಸು.

ನಿನ್ನ
ಅಂಬಿಕಾ