ನೆಂಚಿಕೊಳ್ಳಲು ಒಂದು ಸಾವು

ಮಾರ್ಚ್ ೧೪, ಭಾನುವಾರ

ಪ್ರೀತಿಯ ತಮ್ಮನಿಗೆ,

ಅಕ್ಕನ ಆಶೀರ್ವಾದಗಳು. ಊಟ ತಿಂಡಿ ಹೊತ್ತಿಗೆ ಸರಿಯಾಗಿ ಆಗುತ್ತಿದೆ ಎಂದುಕೊಳ್ಳುತ್ತೇನೆ. ನೀನು ಮೇಲಿಂದ ಮೇಲೆ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಕಾಗದವನ್ನಾದರೂ ಬರೆಯೋಣವೆಂದು ಕೂತರೆ ಒಂದಲ್ಲ ಒಂದು ಕೆಲಸ. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ‘ನಾನು ಕ್ಷೇಮ’ ಎಂದು ಬರೆಯಬೇಕಾದ ಜಾಗದಲ್ಲಿ ಪೆನ್ನು ಸ್ವಲ್ಪ ಹೊತ್ತು ಹಾಗೇ ನಿಂತಿತ್ತು. ನಿನ್ನ ಮೇಡಂ, ನಿನ್ನ ಇಡೀ ಕ್ಲಾಸು ನಾನು ಸತ್ತು ವರ್ಷವಾಯಿತು ಎಂದು ನಂಬಿರುವಾಗ, ನಾನೊಬ್ಬಳು ಕ್ಷೇಮ ಎಂದರೆ ಯಾರು ಒಪ್ಪುತ್ತಾರೆ?

ಆವತ್ತು ವಿಶ್ವವಿದ್ಯಾಲಯದ ಕಾರಿಡಾರಿನಲ್ಲಿ ನೀನು ಮೊದಲು ಕೇಳಿದ್ದು, “ನಿಂಗೆ ಹೇಗೆ ಗೊತ್ತಾಯ್ತು?” ಎಂದು. ಅಲ್ಲಿ ಉತ್ತರ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಈಗ ಹೇಳುತ್ತೇನೆ, ಕೇಳು.

ಹೋದ ತಿಂಗಳು ಅಂಗಡಿಗೆ ಒಬ್ಬ ಹುಡುಗಿ ಬಂದಳು. ಕನ್ನಡಕದ ಕಡ್ಡಿ ಮುರಿದಿತ್ತು, ಹೊಸ ಫ್ರೇಮ್ ಬೇಕೆಂದಳು. ನಿನಗೆ ಗೊತ್ತಲ್ಲ, ಫ್ರೇಮ್ ತೋರಿಸುವುದು, ಕಣ್ಣಿನ ಪಾಪೆಗಳ ನಡುವಿನ ಅಂತರ ಅಳೆಯುವುದು, ಮೂಗಿಗೆ ಕಿವಿಗೆ ಕೂರಿಸುವುದು ಎಲ್ಲ ನನ್ನದೇ. ಅಳತೆಪಟ್ಟಿ ಹಿಡಿದು ಅಷ್ಟು ಹತ್ತಿರ ಕೂತರೆ ಜನಕ್ಕೆ ಮುಜುಗರ, ಸುಮ್ಮನಿರಲಾರದೆ ಏನಾದರೂ ಮಾತಾಡುತ್ತಾರೆ. ಇವಳು, ತುಂಬ ಓದುವುದಿರುತ್ತೆ, ವಿಶ್ವ ಸಾಹಿತ್ಯ ಮತ್ತು ಸಂಸ್ಕೃತಿಗಳನ್ನು ಮೈನರ್ ತೆಗೆದುಕೊಂಡಿದ್ದೇನೆ ಎಂದಳು. ನನಗೋ ಹಿಗ್ಗು. “ನನ್ನ ತಮ್ಮನೂ ಅದೇ ಕ್ಲಾಸು!” ಎಂದೆ. ಗುಂಗುರು ಕೂದಲು, ಮಾತಾಡುವಾಗ ಕಿವಿ ಎಳೆದುಕೊಳ್ಳುತ್ತಾನೆ, ಮುಖ್ಯ ಓದು ಸಂಖ್ಯಾಶಾಸ್ತ್ರ ಎಂದು ಗುರುತೆಲ್ಲ ಹೇಳಿದೆ. ನೀನು ಈ ಕೋರ್ಸು ಸೇರಿದಾಗ “ಮೈನರ್ ಅಂದ್ರೆ ಏನೋ?” ಎಂದು ನಾನು ಕೇಳಿದ್ದೆ, “ಸಂಖ್ಯಾಶಾಸ್ತ್ರ ಊಟ ಅಕ್ಕ, ಇದು ನೆಂಚ್ಕೊಳ್ಳೋಕೆ” ಎಂದಿದ್ದೆ ನೀನು. ಅದನ್ನೂ ಹೇಳಿ ನಕ್ಕೆ.

ಹುಡುಗಿ ನಗಲಿಲ್ಲ. ಮುಖ ಬಿಳಿಚಿಕೊಂಡಿತು. “ಅವರ ಅಕ್ಕ ತೀರ್ಕೊಂಡ್ರಲ್ವಾ?” ಎಂದಳು.

ಯಾರನ್ನೋ ಅಂದುಕೊಂಡು ಯಾರಿಗೋ ಹೇಳುತ್ತಿದ್ದಾಳೆ ಎಂದು ಮೊದಲು ಅನ್ನಿಸಿತು. ಆದರೆ ಅವಳು ನಿಲ್ಲಿಸಲಿಲ್ಲ. ಆ ಅಕ್ಕ ಕನ್ನಡಕದ ಅಂಗಡಿಯಲ್ಲಿದ್ದರು, ತಮ್ಮನನ್ನು ಅವರೇ ಓದಿಸುತ್ತಿದ್ದರು, ಶ್ವಾಸಕೋಶ ಕೆಟ್ಟು, ಹೋದ ವರ್ಷದ ಚಳಿಗಾಲದಲ್ಲಿ ತೀರಿಹೋದರು. “ನಿಮ್ಮ ತಮ್ಮ ಬರೆದಿದ್ದು ಕೇಳಿ ಕ್ಲಾಸಲ್ಲಿ ಅಳದೇ ಇದ್ದವರೇ ಇಲ್ಲ” ಎಂದಳು. ಆಗ ನನ್ನ ಬಾಯಿಗೆ ಬಂದದ್ದೇನು ಗೊತ್ತೆ? “ಹೌದಮ್ಮ, ಅವಳು ದೊಡ್ಡವಳು. ನಾನು ಎರಡನೆಯವಳು.” ಚಿಕ್ಕಂದಿನಲ್ಲಿ ನೀನು ಲೋಟ ಒಡೆದರೆ ನಾನು ಒಡೆದೆ ಎನ್ನುವ ಚಟವಿತ್ತಲ್ಲ, ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಅವಳು ನನ್ನ ಕೈ ಹಿಡಿದುಕೊಂಡು ಅಳತೊಡಗಿದಳು. ಕಣ್ಣು ತುಂಬಿದ್ದರೆ ಅಳತೆ ಸಿಗುವುದಿಲ್ಲ. ಹತ್ತಿ ಕೊಟ್ಟು, ನೀರು ಕುಡಿಸಿ, ನನ್ನ ಸಾವಿಗೆ ನಾನೇ ಸಮಾಧಾನ ಹೇಳಿ, ಆಮೇಲೆ ಅಳತೆ ತೆಗೆದುಕೊಂಡೆ.

ಮಿಕ್ಕದ್ದನ್ನೂ ಅವಳಿಂದಲೇ ತಿಳಿದೆ. ಯಾವ ಯಾವ ದೇಶದವರು ಸತ್ತವರಿಗಾಗಿ ಹೇಗೆ ಅಳುತ್ತಾರೆ, ಏನು ಹಾಡುತ್ತಾರೆ ಎಂದು ಓದಿದ ಮೇಲೆ, ಪ್ರತಿಯೊಬ್ಬರೂ ತಮ್ಮ ಮನೆಯ ಒಂದು ಸಾವನ್ನು ಬರೆದು ಓದಬೇಕಂತೆ. ಕಟ್ಟುಕತೆಯಾಗಬಾರದು, ನಡೆದದ್ದಾಗಿರಬೇಕು. ಓದಿದವರನ್ನು ಯಾರೂ ಒಂದು ಪ್ರಶ್ನೆಯನ್ನೂ ಕೇಳಕೂಡದು, ಇದು ಮೇಡಂ ಮಾಡಿದ ಕಟ್ಟಳೆ. ಒಳ್ಳೆಯ ಕಟ್ಟಳೆಯೇ, ನೊಂದವರನ್ನು ಕೆದಕಬಾರದು. ಆದರೆ ಸುಳ್ಳನಿಗೆ ಅದಕ್ಕಿಂತ ಬೆಚ್ಚಗಿನ ಹೊದಿಕೆ ಇನ್ನೆಲ್ಲಿ ಸಿಕ್ಕೀತು?

ಹುಡುಗಿ ಸುಮ್ಮನಿರಲಿಲ್ಲ, ಮೇಡಂಗೆ ಹೇಳಿದಳು. ಅವರು ಅಂಗಡಿಗೇ ಬಂದರು. ಬೆಳ್ಳಿಗೂದಲಿನ, ಮೆಲುದನಿಯ ಹೆಂಗಸು. ವರ್ಷದ ಕೊನೆಯ ಕಾರ್ಯಕ್ರಮದಲ್ಲಿ ನಿನ್ನ ಬರಹವನ್ನೇ ಓದಿಸುತ್ತೇವೆ, ನೀವು ಮುಂದಿನ ಸಾಲಿನಲ್ಲಿ ಕೂರಬೇಕು ಎಂದರು. “ಅವನಿಗೆ ಮೊದಲೇ ಹೇಳ್ಬೇಡಿ ಮೇಡಂ, ನಾನು ಬರ್ತೀನಿ” ಎಂದೆ. ನಿನ್ನ ಮರ್ಯಾದೆ ತೆಗೆಯಲು ಬಂದೆ ಎಂದು ನೀನು ತಿಳಿದಿರಬಹುದು. ಅಲ್ಲ ಕಣೋ. ನನ್ನ ಮುಖ ಕಂಡೊಡನೆ ನಿನ್ನ ನಾಲಿಗೆ ತಡವರಿಸುತ್ತದೆ, ಓದುವುದು ನಿಂತುಹೋಗುತ್ತದೆ, ಏನೋ ನೆಪ ಹೇಳಿ ಇಳಿದುಬಿಡುತ್ತೀ. ಅಷ್ಟಾದರೆ ಸಾಕು, ಎಲ್ಲ ಮರೆತು ನಿನ್ನನ್ನು ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂದುಕೊಂಡು ಬಂದೆ.

ನೀನು ವೇದಿಕೆ ಹತ್ತಿದೆ. ನನ್ನನ್ನು ನೋಡಿದೆ. ಕಿವಿ ಎಳೆದುಕೊಂಡೆ, ಒಂದು ಗುಟುಕು ನೀರು ಕುಡಿದೆ. ಆಮೇಲೆ ಓದಿದೆ. ಒಂದಕ್ಷರ ಬಿಡಲಿಲ್ಲ.

ಚೆನ್ನಾಗಿ ಬರೆದಿದ್ದೀಯ, ಅದರಲ್ಲಿ ಎರಡು ಮಾತಿಲ್ಲ. ಉಸಿರು ಕಟ್ಟದಿರಲೆಂದು ಬೆನ್ನಿಗೆ ದಿಂಬಿನ ಮೇಲೆ ದಿಂಬು ಒಟ್ಟಿದ್ದು, ಒಣಗಿದ ತುಟಿಗೆ ಒದ್ದೆ ಹತ್ತಿ ಮುಟ್ಟಿಸಿದ್ದು, ಉದುರಿದ ಕೂದಲು ಅವಳ ಕಣ್ಣಿಗೆ ಬೀಳದಂತೆ ಬೆನ್ನ ಹಿಂದೆ ಹಿಡಿದು ಬಾಚಣಿಗೆಯಿಂದ ಬಿಡಿಸಿದ್ದು. ಅದೆಲ್ಲ ನಡೆದದ್ದೇ. ಆದರೆ ಮಲಗಿದ್ದವಳು ಅಮ್ಮ, ಬಾಚಿದವಳು ನಾನು. ನೀನು ಹಾಸ್ಟೆಲಿನಲ್ಲಿದ್ದೆ, ಎಲ್ಲ ಮುಗಿದ ಮರುದಿನ ಬಂದೆ. ಈಗ ಅಮ್ಮನ ಸಾವನ್ನು ನನಗೆ ಉಡಿಸಿ, ನಾನು ಮಾಡಿದ ಸೇವೆಯನ್ನು ನೀನು ತೊಟ್ಟುಕೊಂಡು ಜನರೆದುರು ನಿಂತಿದ್ದೆ. ಬಾಚಣಿಗೆಯ ಮಾತು ಬಂದಾಗ ನಿನ್ನ ಕಣ್ಣಲ್ಲಿ ನೀರು ಬಂತು. ಅದು ನಿಜವಾದ ಅಳು, ನಿನ್ನನ್ನು ಎತ್ತಿ ಆಡಿಸಿದವಳಿಗೆ ಅಷ್ಟು ಗೊತ್ತಾಗುತ್ತದೆ. ಎದುರಿಗೆ ಬದುಕಿ ಕೂತಿದ್ದವಳಿಗೆ ಮರುಗದವನು ಹಾಳೆಯಲ್ಲಿ ಸತ್ತವಳಿಗೆ ಅಷ್ಟು ಮರುಗಿದ್ದು ಕಂಡು ನನಗೆ ಭಯವಾಯಿತು.

ಕೊನೆಗೆ ಎಲ್ಲರೂ ಎದ್ದು ಮೌನ ಆಚರಿಸಿದರು. ನಾನೂ ಎದ್ದು ನಿಂತೆ. ಮೇಡಂ ನನ್ನ ಭುಜ ಹಿಡಿದುಕೊಂಡಿದ್ದರು. ಆಮೇಲೆ, ಇವರು ಎರಡನೆಯ ಅಕ್ಕ ಎಂದು ನಿನ್ನೆದುರೇ ಎಲ್ಲರಿಗೂ ಪರಿಚಯಿಸಿದರು.

ಆಮೇಲೆ ಕಾರಿಡಾರಿನ ಮೂಲೆ. ಅಲ್ಲಿ ಆಡಿದ್ದನ್ನು ನೀನು ಮರೆತಿರಬಹುದು, ನಾನು ಮರೆತಿಲ್ಲ.

“ಅಮ್ಮನ್ನೇ ಬರೀಬಹುದಿತ್ತಲ್ಲೋ. ಅದಾದ್ರೂ ನಿಜ” ಎಂದೆ.

“ಅಮ್ಮ ಸತ್ತಿದ್ದನ್ನ ಆಗಲೇ ನಾಲ್ಕು ಜನ ಬರೆದಿದ್ರು ಅಕ್ಕ. ಐದನೇದು ಯಾರು ಕೇಳ್ತಾರೆ? ಅಕ್ಕ ಯಾರದೂ ಇರಲಿಲ್ಲ.”

ಎಂದು ಹೇಳಿ ನೀನು ನನ್ನ ಬೆನ್ನು ತಟ್ಟಿದೆ. “ನೀನು ಚೆನ್ನಾಗಿ ನಿಭಾಯಿಸ್ದೆ. ಎರಡನೆಯವಳು ಅಂದಿದ್ದಂತೂ ಸೂಪರ್. ಆದ್ರೆ ರಿಸಲ್ಟ್ ಬರೋವರೆಗೂ ಈ ಕಡೆ ಬರಬೇಡ, ಆಯ್ತಾ?”

ಆಯ್ತು. ರಿಸಲ್ಟ್ ಬರುವವರೆಗೆ ಎಂದು ಯಾಕೆ, ಸತ್ತವರು ರಿಸಲ್ಟ್ ನೋಡಿ ಎದ್ದು ಬರುವುದುಂಟೆ? ನಮ್ಮ ಮಾಲೀಕರಿಗೆ ಬೇರೆ ಊರಿನಲ್ಲೂ ಒಂದು ಅಂಗಡಿಯಿದೆ. ಅಲ್ಲಿಗೆ ಹಾಕಿಸಿಕೊಂಡಿದ್ದೇನೆ. ಮನೆ ಖಾಲಿ ಮಾಡಿದ್ದಾಯಿತು, ಈ ಕಾಗದವನ್ನು ಕಟ್ಟಿಟ್ಟ ಗಂಟಿನ ಮೇಲೆ ಕೂತು ಬರೆಯುತ್ತಿದ್ದೇನೆ. ನಿನ್ನ ಬಟ್ಟೆ, ಪುಸ್ತಕ ಎಲ್ಲ ಹಾಸ್ಟೆಲಿನ ಕಾವಲುಗಾರನ ಹತ್ತಿರ ಇವೆ. ಅಮ್ಮನ ಫೋಟೋ ನಾನು ಒಯ್ಯುತ್ತೇನೆ, ನಿನ್ನ ಕ್ಲಾಸಿನ ಲೆಕ್ಕದಲ್ಲಿ ಅವಳು ಇನ್ನೂ ಬದುಕಿದ್ದಾಳಲ್ಲ.

ಮೇಡಂಗೆ ನಾನು ಏನೂ ಹೇಳಿಲ್ಲ, ಹೇಳುವುದೂ ಇಲ್ಲ. ಹೇಳಿದರೆ ನಿನ್ನ ಓದು ಅಲ್ಲಿಗೇ ನಿಲ್ಲುತ್ತದೆ, ನಿನ್ನನ್ನು ಓದಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ನಾನು ಹೆರದೆಯೇ ಮುದ್ದು ಮಾಡಿದೆ. ನಿನ್ನ ಗುಟ್ಟು ನನ್ನ ಹತ್ತಿರ ಭದ್ರ. ಬದಲಿಗೆ ನೀನು ಮಾಡಬೇಕಾದ್ದು ಇಷ್ಟೇ: ನೀನು ಬರೆದದ್ದಕ್ಕೆ ನೀನೇ ನಿಲ್ಲು. ನಿನಗೆ ಅಕ್ಕ ಇಲ್ಲ. ಕಾಯಿಲೆ ಬಿದ್ದರೂ ಕರೆಯಬೇಡ, ಕೆಲಸ ಸಿಕ್ಕರೂ ಹೇಳಬೇಡ. ಹುಡುಕಿಕೊಂಡು ಹೊರಟರೆ, ಯಾರನ್ನು ಹುಡುಕುತ್ತಿದ್ದೀಯಪ್ಪ ಎಂದು ಜನ ಕೇಳುತ್ತಾರೆ. ಏನೆಂದು ಹೇಳುತ್ತೀ?

ಆ ಹುಡುಗಿ ಹೊಸ ಕನ್ನಡಕ ಒಯ್ಯಲು ಬಂದಿದ್ದಳು. ಮಾತೆಲ್ಲ ನಿನ್ನದೇ. ಅವಳಿಗೆ ನಿನ್ನ ಮೇಲೆ ಮನಸ್ಸಿದೆ. ಒಳ್ಳೆಯ ಹುಡುಗಿ, ಕಣ್ಣು ಮಾತ್ರ ದುರ್ಬಲ. ಮದುವೆಯಾದರೆ ಅಕ್ಕನ ಕುರ್ಚಿ ಖಾಲಿ ಬಿಟ್ಟು ಅಲ್ಲೂ ಒಂದಿಷ್ಟು ಮೌನ ಆಚರಿಸಿ, ಜನ ಮೆಚ್ಚುತ್ತಾರೆ.

ಹೊತ್ತು ಹೊತ್ತಿಗೆ ಉಣ್ಣು. ಥಂಡಿಯಲ್ಲಿ ಕಿವಿ ಮುಚ್ಚಿಕೊಂಡು ಓಡಾಡು, ನಿನಗೆ ಕಿವಿನೋವು ಬೇಗ ಹಿಡಿಯುತ್ತದೆ. ಎರಡು ಓದಿನಲ್ಲೂ ಮೊದಲಿಗನಾಗು. ನನ್ನ ಆಯಸ್ಸೂ ಸೇರಿ ನೂರು ವರ್ಷ ಬಾಳು.

ಇಂತಿ,
ನಿನ್ನ ದಿವಂಗತ ಅಕ್ಕ

ತಾ.ಕ.: ನಿನ್ನ ಬರಹದ ಅಕ್ಕ ಕೊನೆಯುಸಿರಿನಲ್ಲಿ “ಚೆನ್ನಾಗಿ ಓದು” ಎನ್ನುತ್ತಾಳೆ. ಅದು ಅಮ್ಮನ ಮಾತೆಂದು ನಿನಗೆ ಹೇಳಿದವಳು ನಾನೇ. ಮರುದಿನ ಬಾಗಿಲಲ್ಲಿ ನಿಂತು “ನನ್ನ ಬಗ್ಗೆ ಏನಾದ್ರೂ ಹೇಳಿದ್ಲಾ?” ಎಂದು ಕೇಳಿದೆಯಲ್ಲ, ನಿನ್ನ ಮುಖ ನೋಡಲಾರದೆ ಹಾಗೆಂದೆ. ಅಮ್ಮ ಹೇಳಿದ್ದು ಬೇರೆ. ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, “ಅವನಿಗೆ ಫೋನ್ ಮಾಡ್ಬೇಡ ಕಣೇ. ಕರೆದ ಮೇಲೂ ಬರಲಿಲ್ಲ ಅಂದ್ರೆ ನಾನು ಅದನ್ನ ತಿಳ್ಕೊಂಡೇ ಸಾಯ್ಬೇಕಾಗತ್ತೆ. ಕರೀಲಿಲ್ಲ, ಅದಕ್ಕೇ ಬರಲಿಲ್ಲ ಅಂತ ಇರಲಿ” ಎಂದಳು. “ಇಲ್ಲಮ್ಮ, ಕರೆದಿಲ್ಲ” ಎಂದೆ. ಅವಳ ಮುಖ ಹಗುರಾಯಿತು. ಅಷ್ಟರಲ್ಲಾಗಲೇ ನಾನು ನಿನಗೆ ಫೋನ್ ಮಾಡಿಯಾಗಿತ್ತು. “ನಾಳೆ ಮೈನರ್ ಟೆಸ್ಟ್ ಇದೆ ಅಕ್ಕ, ಮುಗಿಸ್ಕೊಂಡು ಬರ್ತೀನಿ” ಎಂದು ನೀನು ಹೇಳಿಯೂ ಆಗಿತ್ತು.