ಆಷಾಢದ ಬೆಲೆ

ಕೆಂಗೇರಿ ಉಪನಗರ
24-7-2025, ಗುರುವಾರ
ಭೀಮನ ಅಮಾವಾಸ್ಯೆ

ರೀ,

ನಾನೂ ಅತ್ತೆಯೂ ಕ್ಷೇಮ. ನೀವು ಹೇಗಿದ್ದೀರಿ ಅಂತ ಕೇಳುವುದಿಲ್ಲ, ನಿಮ್ಮ ಅತ್ತಿಗೆ ಫೋನಿನಲ್ಲಿ ಎಲ್ಲ ಹೇಳುತ್ತಾರೆ. ಇದೇನು ಇವಳು ಕಾಗದ ಬರೆದಳು ಅಂತ ಹುಬ್ಬು ಗಂಟಿಕ್ಕಬೇಡಿ. ಫೋನಿನಲ್ಲಾದರೆ ನಾನು ಒಂದು ಮಾತು ಹೇಳುವಷ್ಟರಲ್ಲಿ ನಿಮ್ಮದು ನಾಲ್ಕು ಬಂದಿರುತ್ತವೆ. ಕಾಗದದ ಮಧ್ಯೆ ನೀವು ಬಾಯಿ ಹಾಕುವ ಹಾಗಿಲ್ಲ.

ಗಾಡಿ ತಗೊಂಡೆ. ಹೊಸದು. ಕೆಟ್ಟು ನಿಂತ ಕಾರನ್ನು ಎಳೆದು ತರುವಷ್ಟು ಕಸುವಿರುವ ಪಿಕಪ್ಪು, ಹಿಂದೆ ಕೊಕ್ಕೆ ಸಮೇತ. ನಮ್ಮ ಹಳೇ ಜೀಪು ಪ್ರಾಣ ಬಿಟ್ಟ ಮೇಲೆ ನಿಂತುಹೋಗಿದ್ದ ಟೋಯಿಂಗ್ ಕೆಲಸ ಇವತ್ತಿನಿಂದ ಮತ್ತೆ ಶುರು. ಮೈಸೂರು ರಸ್ತೆಯ ಪಂಕ್ಚರ್ ಅಂಗಡಿಯವರಿಗೆಲ್ಲ ನನ್ನ ನಂಬರ್ ಕೊಟ್ಟಿದ್ದೇನೆ. ನಾಯಂಡಹಳ್ಳಿಯ ಸೀನ ಮೊದಲ ಬೋಣಿ ನಾನೇ ಮಾಡಿಸ್ತೀನಿ ಅಕ್ಕಾ ಅಂದಿದ್ದಾನೆ.

ಮುನಿಯಣ್ಣನ ಹಳೇ ಪಿಕಪ್ಪಿನ ಸುದ್ದಿ ಎತ್ತಬಾರದು ಅಂದುಕೊಂಡಿದ್ದೆ. ಆದರೂ ಎತ್ತುತ್ತೇನೆ. ಗೆಳೆಯನಿಗೆ ಮಾತು ಕೊಟ್ಟಾಯಿತು, ಅವನ ಗಾಡಿ ನಮ್ಮದು ಅಂತ ನೀವು ಬಂದು ನಿಂತಿರಿ. ನಾನು ಕೆಳಗೆ ಬಗ್ಗಿ ನೋಡಿದೆ. ಗಾಡಿಯ ಭಾರವೆಲ್ಲ ಹೊರುವ ಚಾಸಿ ಬಿರುಕು ಬಿಟ್ಟ ಕಡೆ ಬೆಸುಗೆ ಹಾಕಿ ಮೇಲೆ ಬಣ್ಣ ಬಳಿದಿದ್ದರು. ಸೊಪ್ಪು ತರಕಾರಿ ಹೊರುವುದಕ್ಕಾದರೆ ಹೇಗೋ ನಡೆದೀತು, ಇನ್ನೊಂದು ಗಾಡಿ ಎಳೆಯುವುದಕ್ಕೆ ಆಗಲ್ಲ ಅಂತ ಮುನಿಯಣ್ಣನ ಮುಂದೆಯೇ ಹೇಳಿದೆ. ಮರ್ಯಾದೆ ತೆಗೆದೆ ಅಂತ ನೀವು ಬ್ಯಾಗು ಹಿಡಿದು ನಂದಿನಿ ಲೇಔಟಿಗೆ, ನಿಮ್ಮಣ್ಣನ ಮನೆಗೆ ಹೊರಟುಬಿಟ್ಟಿರಿ. ಆಮೇಲೆ ಹಟಕ್ಕೆ ಬಿದ್ದು ಅದನ್ನೇ ಕೊಂಡು ಬಾಡಿಗೆ ಹೊಡೆಯುತ್ತಿದ್ದೀರಿ ಅಂತಲೂ ಕೇಳಿದೆ. ನಾನು ಬೇಡ ಅಂದದ್ದು ಗಾಡಿಯನ್ನು. ನಿಮ್ಮನ್ನಲ್ಲ.

ಆಷಾಢದಲ್ಲಿ ಗಾಡಿ ಕೊಳ್ಳುತ್ತೀಯಾ ಅಂತ ಮೊದಲು ಬೈದವರು ಅತ್ತೆ. ನಿಮ್ಮನ್ನು ಹೆತ್ತವರು, ಆದರೂ ನನ್ನ ಜೊತೆಯೇ ಉಳಿದವರು, ಅವರಿಗೆ ಬೈಯುವ ಹಕ್ಕಿದೆ. ಶ್ರಾವಣ ಹುಟ್ಟಿದರೆ ಶೋರೂಮಿನವರು ನಮ್ಮತ್ತ ತಿರುಗಿಯೂ ನೋಡಲ್ಲ, ಈಗಾದರೆ ನೊಣ ಹೊಡೀತಾ ಕೂತಿರ್ತಾರೆ, ಚೌಕಾಸಿ ಮಾಡಬೇಕಾದರೆ ಈಗಲೇ ಅಂದೆ. ಏನಾದರೂ ಮಾಡ್ಕೋ ಅಂದರು.

ಶೋರೂಮಿನಲ್ಲಿ ಧನ್ಯಶ್ರೀ ಅಂತ ಒಂದು ಹುಡುಗಿ ನೀರು ಕೊಟ್ಟು, ಸಾರ್ ಬಂದಿಲ್ವಾ ಆಂಟಿ ಅಂತ ಕೇಳಿದಳು. ಸಾರ್ ಬಂದರೆ ಬೆಲೆ ಕಮ್ಮಿ ಮಾಡ್ತೀಯಾ ಅಂದೆ. ನಕ್ಕಳು, ಒಳ್ಳೇ ಹುಡುಗಿ. ಆದರೆ ಅವಳು ಕೊಟ್ಟ ಚೀಟಿ ಒಳ್ಳೇದಲ್ಲ. ಗಾಡಿಯ ಬೆಲೆ ಮೇಲೆ ಒಂದು ಸಾಲಿನಲ್ಲಿತ್ತು, ಅದರ ಕೆಳಗೆ ಸೀಟ್ ಕವರು, ಮ್ಯಾಟು, ಪಾಲಿಶು, ಹ್ಯಾಂಡ್ಲಿಂಗ್ ಅಂತ ಬಾಲ ಬೆಳೆಯುತ್ತಾ ಹೋಗಿತ್ತು. ಹ್ಯಾಂಡ್ಲಿಂಗ್ ಅಂದರೇನಮ್ಮ ಅಂತ ಕೇಳಿದೆ. ಗೋಡೌನಿಂದ ಇಲ್ಲಿಗೆ ತರೋ ಖರ್ಚು ಆಂಟಿ ಅಂದಳು. ಗೋಡೌನ್ ಎಲ್ಲಿದೆ ತೋರಿಸು, ನಾನೇ ಓಡಿಸ್ಕೊಂಡು ಹೋಗ್ತೀನಿ ಅಂದೆ. ಅವಳದೇ ಪೆನ್ನು ಇಸಕೊಂಡು ಬಾಲವನ್ನೆಲ್ಲ ಹೊಡೆದುಹಾಕಿದೆ. ಕೊಕ್ಕೆ ಮಾತ್ರ ಬೇಕು, ಕಂಪನಿಯದೇ, ಚಾಸಿಗೆ ಬೋಲ್ಟ್ ಹಾಕಿ ಕೂರಿಸಿದ್ದು, ಅದೂ ಇದೇ ಬೆಲೆಯಲ್ಲಿ ಅಂದಾಗ ಹುಡುಗಿ ಎದ್ದು ಮ್ಯಾನೇಜರನ್ನು ಕರೆದುಕೊಂಡು ಬಂದಳು.

ಮ್ಯಾನೇಜರು ಸೋಮಲಿಂಗಪ್ಪ ಅಂತ, ಗದಗದ ಕಡೆಯವರು. ನಿಮಗೂ ನಷ್ಟ ಬೇಡ, ನನಗೂ ಮೋಸ ಬೇಡ, ನ್ಯಾಯದ ಬೆಲೆ ಹೇಳಿ ಅಂದೆ. ಅವರು ಹೇಳಿದ್ದು ನ್ಯಾಯವಾಗಿರಲಿಲ್ಲ, ಎದ್ದು ಬಂದೆ. ಬಾಗಿಲ ತನಕ ಬಂದು ಕರೆದರು. ಮತ್ತೆ ಕೂತೆ, ಮತ್ತೆ ಎದ್ದೆ. ಕೊನೆಗೆ ನನ್ನ ಬೆಲೆಗೇ ಬಂದರು, ಆದರೆ ಒಂದು ಗಂಟು ಹಾಕಿದರು. ಎಲ್ಲರೂ ಆಷಾಢದ ಬೆಲೆಗೆ ಬುಕ್ ಮಾಡಿ ಗಾಡಿಯನ್ನು ಶ್ರಾವಣದ ತನಕ ಅಲ್ಲೇ ಬಿಟ್ಟು ಹೋಗುತ್ತಾರಂತೆ, ಅಂಗಳದಲ್ಲಿ ಕಾಲಿಡಲು ಜಾಗವಿಲ್ಲವಂತೆ. ಆಷಾಢದೊಳಗ ಗಾಡಿ ಒಯ್ದವರಿಗಷ್ಟ ಈ ರೇಟ್ ನೋಡ್ರಿ ಅಕ್ಕಾರ ಅಂದರು. ಆಯ್ತು ಅಂದೆ. ಅವರು ಕ್ಯಾಲೆಂಡರ್ ನೋಡಿ ಮೀಸೆಯಡಿ ನಕ್ಕರು. ರಿಜಿಸ್ಟ್ರೇಷನ್ನು, ಕೊಕ್ಕೆ ಎಲ್ಲ ಮುಗಿಯುವಾಗ ಆಷಾಢದಲ್ಲಿ ಉಳಿಯುವುದು ಅಮಾವಾಸ್ಯೆ ಒಂದೇ ದಿನ. ಅಮಾಸಿ ದಿನಾ ಹೊಸಾ ಗಾಡಿ ಒಯ್ತೀರೇನ್ರಿ ಅಂತ ಕೇಳಿದರು. ಅದೂ ಭೀಮನ ಅಮಾವಾಸ್ಯೆ, ಮುತ್ತೈದೆ ಮನೆಯಲ್ಲಿ ಗಂಡನ ಪೂಜೆ ಬಿಟ್ಟು ಬರುವುದಿಲ್ಲ, ಶ್ರಾವಣಕ್ಕೆ ಬಂದು ಪೂರಾ ಬೆಲೆ ಕೊಡುತ್ತಾಳೆ ಅನ್ನುವುದು ಅವರ ಲೆಕ್ಕ. ಬರೆದು ಸಹಿ ಹಾಕಿ ಕೊಡಿ ಅಂದೆ. ಕೊಟ್ಟರು.

ಮನೆಗೆ ಬಂದು ಹೇಳಿದರೆ ಅತ್ತೆ ಮೊದಲು ಊಟ ಮುಗಿಸಿದರು. ಕೈ ತೊಳೆದು ಬಂದು, ಪ್ರತಿ ಅಮಾವಾಸ್ಯೆಗೂ ನಿಮ್ಮ ಜೀಪಿಗೆ ನಿಂಬೆಹಣ್ಣು ಕಟ್ಟಿ ದೃಷ್ಟಿ ತೆಗೀತಿದ್ದೆ ಅಲ್ವೇನೇ, ಹಳೇ ಗಾಡಿಗೆ ಒಳ್ಳೇದಾಗೋ ದಿನ ಹೊಸದಕ್ಕೆ ಕೆಟ್ಟದಾಗುತ್ತಾ ಅಂದರು. ಇವತ್ತು ನನಗಿಂತ ಮೊದಲೇ ಸೀರೆ ಉಟ್ಟು, ನಿಂಬೆಹಣ್ಣು, ಬೂದುಗುಂಬಳಕಾಯಿ ಚೀಲಕ್ಕೆ ತುಂಬಿಕೊಂಡು ಬಾಗಿಲಲ್ಲಿ ನಿಂತಿದ್ದರು. ನಮ್ಮಿಬ್ಬರನ್ನು ಕಂಡು ಸೋಮಲಿಂಗಪ್ಪನವರು ಇಂಗು ತಿಂದ ಮಂಗನ ಹಾಗಾದರು. ಆದರೂ ಮಾತಿಗೆ ತಪ್ಪಲಿಲ್ಲ. ಧನ್ಯಶ್ರೀ ಪೇಡ ಕೊಟ್ಟು, ಈ ತಿಂಗಳು ಇದೊಂದೇ ಗಾಡಿ ಹೊರಗೆ ಹೋಗಿದ್ದು ಆಂಟಿ ಅಂತ ಫೋಟೋ ಹಿಡಿದಳು.

ನಾನೇ ಓಡಿಸಿಕೊಂಡು ಬಂದೆ. ಅಪ್ಪ ಟೆಂಪೋದಲ್ಲಿ ಕಲಿಸಿದ ವಿದ್ಯೆ ಕೈಬಿಡಲಿಲ್ಲ. ಮನೆ ಮುಂದೆ ನಿಲ್ಲಿಸಿ ಕೀಲಿ ತೆಗೆದಾಗ ಮಾತ್ರ ಅಳು ಬಂತು. ಇಷ್ಟೆಲ್ಲ ಗೆದ್ದು ಬಂದರೆ ತೋರಿಸುವುದಕ್ಕೆ ನೀವಿರಲಿಲ್ಲ.

ಇವತ್ತು ನಿಮ್ಮ ಪಾದ ತೊಳೆಯುವ ದಿನ. ಪಾದ ನಂದಿನಿ ಲೇಔಟಿನಲ್ಲಿದ್ದರೆ ನಾನೇನು ಮಾಡಲಿ? ಗಾಡಿಯ ಚಕ್ರ ತೊಳೆದು ಅರಿಶಿನ ಕುಂಕುಮ ಇಟ್ಟೆ. ಒಂಬತ್ತು ಗಂಟಿನ ದಾರ ಕೈಗೆ ಕಟ್ಟಿಕೊಂಡಿದ್ದೇನೆ, ಅದನ್ನು ಬಿಟ್ಟಿಲ್ಲ. ಬನ್ನಿ ಅಂತ ನಾನು ಕರೆಯುತ್ತಿಲ್ಲ. ಗಾಡಿ ಬಂದಿದೆ, ಕೆಲಸ ಶುರುವಾಗಿದೆ, ಅಷ್ಟು ನಿಮಗೆ ತಿಳಿದಿರಲಿ. ಇದನ್ನು ನಾಳೆ ಅಂಚೆಗೆ ಹಾಕುತ್ತೇನೆ.

ಇಂತಿ,
ನಿಮ್ಮವಳೇ ಆದ
ಶಶಿಕಲಾ

ವಿ.ಸೂ.: ಲಕೋಟೆಗೆ ಗೋಂದು ಹಚ್ಚುವಷ್ಟರಲ್ಲಿ ಸೀನನ ಫೋನು. ನಾಯಂಡಹಳ್ಳಿಯಲ್ಲಿ ಮೆಟ್ರೋ ಕಂಬದ ಪಕ್ಕ ಹಳೇ ಪಿಕಪ್ಪೊಂದು ಬೆಸುಗೆ ಬಿಟ್ಟು ಕೂತಿದೆಯಂತೆ. ಯಾರ ಗಾಡಿ ಅಂತ ಕೇಳಿದರೆ ತಡವರಿಸಿ, ನಿಮ್ಮೆಜಮಾನ್ರದ್ದೇ ಅಕ್ಕಾ, ನಿಮಗೆ ಹೇಳಬೇಡ ಅಂದಿದ್ದಾರೆ ಅಂದ. ನಿಮಗೆ ಪೆಟ್ಟಾಗಿಲ್ಲ ಅಂತ ಎರಡೆರಡು ಸಲ ಕೇಳಿ ತಿಳಿದುಕೊಂಡೆ. ಈಗ ಹೊರಟೆ. ಅತ್ತೆ ಆಗಲೇ ಒಂದು ಚೊಂಬು ನೀರು, ಅರಿಶಿನದ ಬಟ್ಟಲು ಹಿಡಿದು ಗಾಡಿ ಹತ್ತಿ ಕೂತಿದ್ದಾರೆ. ಕಾಗದಕ್ಕೆ ಸ್ಟಾಂಪು ಬೇಡವಾಯಿತು, ಕೈಗೇ ಕೊಡುತ್ತೇನೆ, ದಾರಿಯಲ್ಲಿ ಪಕ್ಕ ಕೂತು ಓದಿ. ಬಾಡಿಗೆ ಮಾತ್ರ ಪೂರಾ ಕೊಡಬೇಕು. ಇದು ನನ್ನ ಮೊದಲ ಬೋಣಿ, ಚೌಕಾಸಿ ಮಾಡಬೇಡಿ.